ಏಳನೇ ಸಲ ಯಾಕೆ ಹೋಗಲಿಲ್ಲ

ಎರಡು ತಿಂಗಳಲ್ಲಿ ಆರು ಸಲ ಮಗನನ್ನು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದವಳು ನಾನು. ಒಂದು ತಾರೀಕನ್ನೂ ತಪ್ಪಿಸಲಿಲ್ಲ. ಒಂದು ದಿನ ಬಸ್ಸು ತಾವರೆಕೆರೆ ಹತ್ತಿರ ಕೆಟ್ಟು ನಿಂತಿತು. ಇನ್ನೊಂದು ದಿನ ನನಗೇ ಜ್ವರ. ಆದರೂ ಹೋದೆ. ಏಳನೇ ಸಲ ಮಾತ್ರ ಹೋಗಲಿಲ್ಲ. ಆ ಸಲ ಮಾಡಿಸುವ ಕೆಲಸ ಏನೂ ಇರಲಿಲ್ಲ. "ಆರು ತಿಂಗಳು ಬಿಟ್ಟು ಸುಮ್ನೆ ಒಂದ್ಸಲ ತೋರಿಸ್ಕೊಂಡು ಹೋಗಿ" ಅಂದಿದ್ದರು. ಆ 'ಸುಮ್ನೆ'ಯೇ ನಮಗೆ ಮುಳುವಾಯಿತು.

ನಮ್ಮದು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. ಊರಿನ ಮಹಿಳಾ ಡೈರಿಯಲ್ಲಿ ನಾನು ಹಾಲು ಟೆಸ್ಟ್ ಮಾಡುತ್ತೇನೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು, ಸಂಜೆ ಐದಕ್ಕೆ ಮತ್ತೆ ತೆಗೆಯಬೇಕು. ಹಸುವಿಗೆ ಭಾನುವಾರ ಇಲ್ಲ, ಹಾಗಾಗಿ ನನಗೂ ಇಲ್ಲ. ನಮ್ಮವರು ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾರೆ. ಶನಿವಾರ ರಾತ್ರಿ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಾರೆ. ಅವರಿಗೆ ರಜಾ ಇರುವ ದಿನ ಆಸ್ಪತ್ರೆಗೂ ರಜಾ.

2023ರ ಅಕ್ಟೋಬರ್. ಮಗನಿಗೆ ಆರು ವರ್ಷ, ಒಂದನೇ ಕ್ಲಾಸು. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಹಲ್ಲು ನೋವು ಅಂತ ಅಳೋಕೆ ಶುರುಮಾಡಿದ. ಲವಂಗ ಜಜ್ಜಿ ಇಟ್ಟೆ. ಅತ್ತೆ ಉಪ್ಪುನೀರು ಬಿಸಿ ಮಾಡಿ ತಂದರು. ಬೆಳಗಾಗುವ ಹೊತ್ತಿಗೆ ಬಲಗೆನ್ನೆ ಬನ್ನಿನ ಹಾಗೆ ಊದಿತ್ತು.

ನಿಜ ಹೇಳಬೇಕು ಅಂದರೆ ವಿಷಯ ಮೊದಲೇ ಗೊತ್ತಿತ್ತು. ಆ ಜುಲೈನಲ್ಲಿ ಸ್ಕೂಲಿಗೆ ಡಾಕ್ಟರ ತಂಡ ಬಂದಿತ್ತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆಯಲ್ಲ, ಅದರವರು. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಸರ್ಕಾರಿ ಸ್ಕೂಲಿನ ಮಕ್ಕಳನ್ನು ವರ್ಷಕ್ಕೆ ಒಂದು ಸಲ ನೋಡಬೇಕು ಅನ್ನೋದು ಅದರ ಲೆಕ್ಕ. ತೂಕ, ಕಣ್ಣು, ಕಿವಿ ಜೊತೆಗೆ ಹಲ್ಲನ್ನೂ ನೋಡುತ್ತಾರೆ. 'ಹುಳುಕು ಹಲ್ಲು, ತೋರಿಸಿ' ಅಂತ ಬರೆದ ಚೀಟಿ ಮಗನ ಬ್ಯಾಗಿನಲ್ಲಿ ಮನೆಗೆ ಬಂತು. ನಾನು ಅದನ್ನು ರೇಷನ್ ಕಾರ್ಡಿನ ಡಬ್ಬಿಯಲ್ಲಿ ಭದ್ರವಾಗಿ ಇಟ್ಟೆ. ಅಷ್ಟೇ ಮಾಡಿದ್ದು. ಹಾಲು ಹಲ್ಲು ತಾನೇ? ನಮ್ಮ ಕಡೆ ಬಿದ್ದ ಹಾಲು ಹಲ್ಲನ್ನು ಸಗಣಿಯಲ್ಲಿಟ್ಟು ಮನೆಯ ಮೇಲಕ್ಕೆ ಎಸೆಯುತ್ತಾರೆ. ಎಸೆಯೋ ಹಲ್ಲಿಗೆ ಯಾರಾದರೂ ದುಡ್ಡು ಹಾಕ್ತಾರಾ ಅಂತ ಅತ್ತೆ ಅಂದರು. ನನಗೂ ಸರಿ ಅನ್ನಿಸಿತು.

ಮಾಗಡಿಯಲ್ಲಿ ಒಬ್ಬ ಡಾಕ್ಟರು ಬಾಯಿ ನೋಡಿ, ಮಾತ್ರೆ ಸಿರಪ್ಪು ಬರೆದುಕೊಟ್ಟು, "ಮಗು ಚಿಕ್ಕದು, ಬೆಂಗಳೂರಿನಲ್ಲಿ ಹಲ್ಲಿನ ಕಾಲೇಜಿಗೆ ಹೋಗಿ, ಅಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇರುತ್ತೆ, ಖರ್ಚೂ ಕಡಿಮೆ" ಅಂದರು. ಬೆಂಗಳೂರಿನಲ್ಲಿ ಹಲ್ಲಿನ ಕಾಲೇಜುಗಳಿಗೇನೂ ಬರವಿಲ್ಲ. ನಾವು ಹೋದದ್ದು ಯಾವುದು ಅಂತ ಬೇಡ ಬಿಡಿ.

ಅಲ್ಲಿ ಮೊದಲು ಚೀಟಿ ಮಾಡಿಸಬೇಕು. ಆಮೇಲೆ ಒಂದು ಕಡೆ ಬಾಯಿ ನೋಡುತ್ತಾರೆ, ಇನ್ನೊಂದು ಕಡೆ ಎಕ್ಸ್‌ರೇ, ಅಲ್ಲಿಂದ ಮಕ್ಕಳ ವಿಭಾಗ. ಅಲ್ಲಿ ನಮಗೆ ಸಿಕ್ಕಿದ್ದು ಪಿಜಿ ಓದುತ್ತಿದ್ದ ಹುಡುಗಿ. ಅವಳಿಗೆ ಅವಸರವೇ ಇರಲಿಲ್ಲ. ಕನ್ನಡಿ ಮಗನ ಕೈಗೇ ಕೊಟ್ಟು, ಗಾಳಿ ಬಿಡೋ ಪೈಪನ್ನು ಅವನ ಅಂಗೈಗೆ ಒಂದ್ಸಲ ಬಿಟ್ಟು ತೋರಿಸಿ, ಆಮೇಲೆ ಹಲ್ಲು ಎಣಿಸಿದಳು. ಇಪ್ಪತ್ತು ಹಾಲು ಹಲ್ಲು, ಅದರಲ್ಲಿ ಐದಕ್ಕೆ ಹುಳುಕು. ಬಲಗಡೆ ಕೆಳಗಿನ ಒಂದು ದವಡೆ ಹಲ್ಲು ಉಳಿಯುವ ಹಾಗಿರಲಿಲ್ಲ, ತೆಗೆಯಬೇಕು. ಎಡಗಡೆಯದಕ್ಕೆ ಬೇರು ಶುದ್ಧ ಮಾಡಿ ಸ್ಟೀಲ್ ಕ್ಯಾಪ್ ಹಾಕಬೇಕು. ಉಳಿದವಕ್ಕೆ ಸಿಮೆಂಟು.

"ಹೇಗೂ ಬೀಳೋ ಹಲ್ಲಲ್ವಾ ಮೇಡಂ?" ಅಂದೆ.

"ಮುಂದಿನ ಹಲ್ಲು ಈಗ ಬೀಳುತ್ತೆ ಅಮ್ಮ. ದವಡೆ ಹಲ್ಲು ಬೀಳೋದು ಹತ್ತರಿಂದ ಹನ್ನೆರಡು ವರ್ಷಕ್ಕೆ. ಇನ್ನೂ ನಾಲ್ಕೈದು ವರ್ಷ ಇವನು ಅದರಲ್ಲೇ ಮುದ್ದೆ ಅನ್ನ ತಿನ್ನಬೇಕು."

ಮುದ್ದೆಯನ್ನು ಯಾರೂ ಅಗಿಯಲ್ಲ, ನುಂಗ್ತಾರೆ ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಆದರೆ ಹನ್ನೆರಡು ವರ್ಷ ಅನ್ನೋ ಮಾತು ಕೇಳಿ ನಿಜವಾಗಿ ಬೆಚ್ಚಿದೆ. ಏಳೆಂಟು ವರ್ಷಕ್ಕೆಲ್ಲ ಎಲ್ಲವೂ ಬಿದ್ದು ಹೊಸದು ಬರುತ್ತೆ ಅಂತಲೇ ನಾನು ಅಂದುಕೊಂಡಿದ್ದೆ.

ಆಮೇಲಿನ ಐದು ಸಲದ ಬಗ್ಗೆ ಹೆಚ್ಚು ಹೇಳೋದಿಲ್ಲ. ಹಲ್ಲು ಕೀಳಿಸುವಾಗ ಅತ್ತಿದ್ದಕ್ಕಿಂತ ವಾಪಸ್ ಬರುವಾಗ ಆದದ್ದೇ ನನಗೆ ನೆನಪು. ಜೋಮು ಹಿಡಿದಿರುತ್ತೆ, ತುಟಿ ಕಚ್ಚದ ಹಾಗೆ ನೋಡ್ಕೊಳ್ಳಿ ಅಂತ ಎರಡೆರಡು ಸಲ ಹೇಳಿದ್ದರು. ಬಸ್ಸಿನಲ್ಲಿ ನನಗೆ ಕಣ್ಣು ಹತ್ತಿತು. ಮಾಗಡಿಯಲ್ಲಿ ಇಳಿಯುವಾಗ ನೋಡಿದರೆ ಚೂಯಿಂಗ್ ಗಮ್ ಅಗಿದ ಹಾಗೆ ಕೆಳತುಟಿ ಅಗಿದು ಇಟ್ಟಿದ್ದ. ಹಲ್ಲಿನ ಗಾಯ ಎರಡು ದಿನಕ್ಕೆ ಮರೆತ, ತುಟಿ ಗಾಯಕ್ಕೆ ಒಂದು ವಾರ ಬೇಕಾಯಿತು.

ಕೊನೆಯಲ್ಲಿ ಕಿತ್ತ ಹಲ್ಲಿನ ಜಾಗಕ್ಕೆ ಒಂದು ತಂತಿ ಹಾಕಿದರು. ಹಿಂದಿನ ಹಲ್ಲಿಗೆ ಉಂಗುರದ ಹಾಗೆ ಒಂದು ಪಟ್ಟಿ, ಅದರಿಂದ ಮುಂದಕ್ಕೆ ಒಂದು ತಂತಿಯ ಬಳೆ. ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ಜಾರಿ, ಕೆಳಗಿಂದ ಬರೋ ಶಾಶ್ವತ ಹಲ್ಲಿಗೆ ದಾರಿ ಇರಲ್ಲವಂತೆ. ಬಸ್ಸಿನ ಸೀಟಿನ ಮೇಲೆ ಟವಲ್ ಹಾಕಿ ಹಿಡಿದ ಹಾಗೆ. ಮಗನಿಗೆ ಅದೇ ಹೆಸರಾಯಿತು, ಟವಲ್ಲು. "ನನ್ನ ಬಾಯಲ್ಲಿ ಟವಲ್ ಹಾಕವ್ರೆ" ಅಂತ ಊರೆಲ್ಲ ಹೇಳಿಕೊಂಡು ಬಂದ.

ಚೀಟಿಯ ಮೇಲೆ ಮೇ ತಿಂಗಳ ತಾರೀಕು ಬರೆದುಕೊಟ್ಟರು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಪದ. ಅದು 'ಮತ್ತೆ ನೋಡುವುದು' ಅನ್ನುವುದಕ್ಕೆ ಅವರು ಬರೆಯೋ ಪದ ಅಂತ ಗೊತ್ತಾಗಿದ್ದು ಆಮೇಲೆ.

ಮೇ ಬಂತು. ಹೋಗದೆ ಇರೋದಕ್ಕೆ ಕಾರಣ ಒಂದಲ್ಲ. ಆ ವಾರ ಊರಹಬ್ಬ. ಡೈರಿಯಲ್ಲಿ ಕಾರ್ಯದರ್ಶಿ ರಜಾ ಹಾಕಿದ್ದರು. ನನ್ನ ಬದಲಿಗೆ ಸಂಜೆ ಯಾರನ್ನಾದರೂ ನಿಲ್ಲಿಸಿದರೆ ಅವಳಿಗೆ ಕೂಲಿ ಕೊಡಬೇಕು. ಆಸ್ಪತ್ರೆ ಖರ್ಚು ಅಂತ ನೋಡಿದರೆ ಏನೂ ಇಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ನನಗೆ ಫ್ರೀ, ಮಗನಿಗೆ ಅರ್ಧ ಟಿಕೆಟ್. ಈ ಫ್ರೀಯಿಂದ ಇನ್ನೊಂದು ಆಗಿದೆ. ಮೊದಲು ಬೆಂಗಳೂರಿಗೆ ಏನೇ ಕೆಲಸ ಇದ್ದರೂ ಗಂಡಸರು ಹೋಗುತ್ತಿದ್ದರು. ಈಗ "ನಿನಗೆ ಫ್ರೀ ಅಲ್ವಾ, ನೀನೇ ಹೋಗು." ಬಸ್ ಚಾರ್ಜು ಉಳಿಯಿತು, ನನ್ನ ದಿನ ಹೋಯಿತು. ಆ ದಿನಕ್ಕೆ ಯಾರ ಹತ್ತಿರವೂ ಟಿಕೆಟ್ ಇಲ್ಲ.

ಆಸ್ಪತ್ರೆಯವರು ನೆನಪಿಸಲಿಲ್ಲ ಅಂತಲೂ ಹೇಳೋ ಹಾಗಿಲ್ಲ. ಫೋನ್ ಮಾಡಿದ್ದರು. ಆದರೆ ಚೀಟಿ ಮಾಡಿಸುವಾಗ ಕೌಂಟರಿನಲ್ಲಿ ಅಪ್ಪನ ನಂಬರ್ ಹೇಳಿ ಅಂದಿದ್ದರು, ನಾನು ಹೇಳಿದ್ದೆ. ಫೋನು ಪೀಣ್ಯಕ್ಕೆ ಹೋಯಿತು. ಮಷಿನ್ ಸದ್ದಿನಲ್ಲಿ ನಮ್ಮವರು "ಹೂಂ ಮೇಡಂ, ಬರ್ತೀವಿ" ಅಂದು ಇಟ್ಟರು. ಆ ಮಾತು ಮಾಗಡಿ ದಾಟಿ ಊರಿಗೆ ಬರಲೇ ಇಲ್ಲ.

ಇವೆಲ್ಲದರ ಜೊತೆಗೆ ಮನೆಯಲ್ಲಿ ಇನ್ನೊಂದು ಪುಕಾರು. ಮುಂದಿನ ಸಲ ಬಂದಾಗ ಹಲ್ಲಿಗೆ ಫ್ಲೋರೈಡ್ ಹಚ್ಚುತ್ತೇವೆ ಅಂತ ಆ ಹುಡುಗಿ ಹೇಳಿದ್ದಳು. ನಾನು ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು. ನನ್ನ ಓರಗಿತ್ತಿ ಪಾವಗಡದ ಕಡೆಯವಳು. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿಗಳಿವೆ. ಆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಮಕ್ಕಳಿಗೆಲ್ಲ ಹಲ್ಲು ಹಾಗೇ. ಕೆಲವು ಹಿರಿಯರಿಗೆ ಬೆನ್ನು ಬಗ್ಗಿ ಹೋಗಿದೆ. ಮದುವೆ ಮಾತುಕತೆಯಲ್ಲಿ ಅವಳು ಬಾಯಿಗೆ ಸೆರಗು ಹಿಡಿದುಕೊಂಡೇ ಕೂತಿದ್ದಳಂತೆ. ಅವಳು ಕೇಳಿದಳು, "ಅಕ್ಕ, ಅದೇ ಫ್ಲೋರೈಡ್ ತಾನೇ ನಮ್ಮೂರವರ ಹಲ್ಲು ತಿಂದಿದ್ದು? ದುಡ್ಡು ಕೊಟ್ಟು ಯಾಕೆ ಹಚ್ಚಿಸ್ತೀಯ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅತ್ತೆಗೆ ಅಷ್ಟೇ ಸಾಕಾಯಿತು. "ನೋವಿಲ್ಲ, ಊತ ಇಲ್ಲ. ಚೆನ್ನಾಗಿರೋ ಮಗೂನ ಯಾಕೆ ಕೆಣಕ್ತೀಯಮ್ಮ?"

ಹೀಗೆ ಮೇ ಹೋಯಿತು. ಇಲ್ಲಿಯವರೆಗೆ ಹೇಳಿದ ಕಾರಣಗಳೆಲ್ಲ ಆ ಒಂದು ದಿನಕ್ಕೆ ಮಾತ್ರ. ಜೂನ್‌ನಲ್ಲಿ ಹಬ್ಬ ಇರಲಿಲ್ಲ, ಕಾರ್ಯದರ್ಶಿ ವಾಪಸ್ ಬಂದಿದ್ದರು. ಆದರೂ ಹೋಗಲಿಲ್ಲ. ಯಾಕೆ? ಇದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಬೈಸಿಕೊಳ್ಳಬೇಕಲ್ಲ ಅಂತ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ವಾರ ಕಂತು ತಪ್ಪಿಸಿದವಳು ಮುಂದಿನ ವಾರ ಮೀಟಿಂಗಿಗೇ ಬರಲ್ಲ. ದುಡ್ಡು ಕೈಯಲ್ಲಿದ್ದರೂ ಬರಲ್ಲ. ಎಲ್ಲರ ಎದುರು 'ಹೋದ ವಾರ ಯಾಕಮ್ಮ ಬರಲಿಲ್ಲ' ಅಂತ ಕೇಳ್ತಾರಲ್ಲ, ಆ ಒಂದು ಪ್ರಶ್ನೆಗೆ ಹೆದರಿ. ಮೂರು ವಾರ ಆದಮೇಲೆ ನಾವೇ ಅವಳ ಮನೆ ಬಾಗಿಲಿಗೆ ಹೋಗಬೇಕು. ಅಂಥವರನ್ನು ನಾನೂ ಆಡಿಕೊಂಡಿದ್ದೇನೆ. ಈಗ ಚೀಟಿ ಡಬ್ಬಿಯಲ್ಲಿ, ನಾನು ಅವಳ ಜಾಗದಲ್ಲಿ. ತಡವಾದಷ್ಟೂ ಹೋಗೋದು ಕಷ್ಟ ಆಗುತ್ತಾ ಹೋಯಿತು. ಜೂನ್‌ನಲ್ಲಿ ಹೋಗಿದ್ದರೆ ಒಂದು ಸುಳ್ಳು ಹೇಳಿ ನಿಭಾಯಿಸಬಹುದಿತ್ತು. ಸೆಪ್ಟೆಂಬರಿಗೆ ಯಾವ ಸುಳ್ಳೂ ಸಾಲುತ್ತಿರಲಿಲ್ಲ.

2024ರ ದಸರಾ ರಜದಲ್ಲಿ ಮಗ ಕಡಲೆ ಮಿಠಾಯಿ ತಿನ್ನುವಾಗ ತಂತಿ ಅಲ್ಲಾಡತೊಡಗಿತು. ಕಾರಣ ಸಿಕ್ಕಿತು. ನಾಚಿಕೆ ಇಲ್ಲದೆ ಸಂತೋಷ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ. ಕೆಟ್ಟ ವಸ್ತು ರಿಪೇರಿ ಮಾಡಿಸೋಕೆ ಹೋಗೋದು ಸುಲಭ, ಸುಮ್ನೆ ತೋರಿಸೋಕೆ ಹೋಗೋದೇ ಕಷ್ಟ.

ಬೈಗುಳ ಸಿಕ್ಕಿತು, ಅದೂ ಕೌಂಟರಿನಲ್ಲೇ. ಚೀಟಿ ನೋಡಿದಾತ, "ಮೇ ತಿಂಗಳಲ್ಲಿ ಬರಬೇಕಿತ್ತು, ಈಗ ಬಂದಿದ್ದೀರಾ? ಮಕ್ಕಳ ಮೇಲೆ ನಿಗಾ ಇಲ್ವಾ?" ಅಂದ. ಹಿಂದೆ ಹತ್ತು ಜನ ಸಾಲಿನಲ್ಲಿದ್ದರು. ಮಗ ನನ್ನ ಮುಖ ನೋಡಿದ. ಅಲ್ಲಿಂದಲೇ ತಿರುಗಿ ಬಸ್ ಹತ್ತೋಣ ಅನ್ನಿಸಿತು. ಅಲ್ಲಾಡೋ ತಂತಿ ಇಲ್ಲದಿದ್ದರೆ ಹತ್ತಿಯೂ ಬಿಡುತ್ತಿದ್ದೆ.

ಬೆಂಚಿನ ಮೇಲೆ ಪಕ್ಕದಲ್ಲಿ ಕುಣಿಗಲ್ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಕೂತಿದ್ದರು. ಅದು ಅವರ ಮೂರನೇ ಓಡಾಟ, ಇನ್ನೂ ಕೆಲಸವೇ ಶುರುವಾಗಿರಲಿಲ್ಲ. ಇಂಜೆಕ್ಷನ್ ಕೊಡೋಕೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕಂತೆ. ಮಗಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಒಂದು ದಿನ ರಜಾ ಹಾಕಿದರೆ ತಿಂಗಳ ಹಾಜರಾತಿ ಬೋನಸ್ಸೇ ಹೋಗುತ್ತೆ. "ನಾನು ಸಾಕಿರೋ ಮಗು. ಹೆಬ್ಬೆಟ್ಟು ಒತ್ತುತೀನಿ ಅಂದ್ರೆ ಬೇಡ ಅಂತಾರೆ" ಅಂತ ಅಜ್ಜಿ ಅಂದರು. ಅವರ ಚೀಟಿಯಲ್ಲೂ ತಪ್ಪಿದ ತಾರೀಕುಗಳೇ ಇರುತ್ತವೆ. ಕಂಪ್ಯೂಟರಿನಲ್ಲಿ ನಾನೂ ಅವರೂ ಒಂದೇ ಲೆಕ್ಕ, 'ಬರಲಿಲ್ಲ'. ನನಗಾದರೂ ಬೈಗುಳ ತಕ್ಕದ್ದೇ. ಅಜ್ಜಿ ಬಂದೂ ಬಂದೂ ಬಾರದವರಾಗಿದ್ದರು.

ಒಳಗೆ ಹೋದರೆ ಹಳೆಯ ಹುಡುಗಿ ಇಲ್ಲ. ಮೂರು ವರ್ಷದ ಓದು ಮುಗಿಸಿ ಹೋಗಿದ್ದಳು. ಮಗ ಬಾಯಿ ಬಿಗಿಹಿಡಿದು ಕೂತ. ಅವನು ನಂಬಿದ್ದು ಆಸ್ಪತ್ರೆಯನ್ನಲ್ಲ, ಕೈಗೆ ಕನ್ನಡಿ ಕೊಟ್ಟ ಅಕ್ಕನನ್ನು. ಹೊಸ ಡಾಕ್ಟರು ಅವನ ಕೈಯಿಂದಲೇ ಟವಲ್ಲಿನ ಕಥೆ ಹೇಳಿಸಿ ಬಾಯಿ ತೆಗೆಸುವ ಹೊತ್ತಿಗೆ ಅರ್ಧ ಗಂಟೆ ಆಯಿತು. ತಂತಿ ಬಿಚ್ಚಿ, ತೊಳೆದು, ಮತ್ತೆ ಸಿಮೆಂಟ್ ಹಾಕಿ ಕೂರಿಸಿದರು. ಆಮೇಲೆ ಕನ್ನಡಿಯಲ್ಲಿ ನನಗೂ ತೋರಿಸಿದರು.

"ಅಮ್ಮ, ಇದು ಯಾವ ಹಲ್ಲು ಗೊತ್ತಾ?"

ಬಲಗಡೆ ತೀರಾ ಹಿಂದೆ ಒಂದು ದೊಡ್ಡ ದವಡೆ ಹಲ್ಲು. ಅದರ ಮೇಲಿನ ಸಂದಿಯಲ್ಲಿ ಕಪ್ಪು ಗೀರು. ಹಾಲು ಹಲ್ಲು ಅಂದೆ.

ಅಲ್ಲ. ಅದು ಶಾಶ್ವತ ಹಲ್ಲು. ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ ಇಂಥ ನಾಲ್ಕು ಬರುತ್ತವೆ, ಮೇಲೆ ಎರಡು, ಕೆಳಗೆ ಎರಡು. ಇವು ಬರೋದಕ್ಕೆ ಯಾವ ಹಲ್ಲೂ ಬೀಳಬೇಕಾಗಿಲ್ಲ. ಅದಕ್ಕೇ ಮನೆಯಲ್ಲಿ ಯಾರಿಗೂ ಗೊತ್ತಾಗಲ್ಲ. ಬಿದ್ದ ಹಲ್ಲಿಗಾದರೆ ಸಗಣಿ, ಸೂರು, ಸಡಗರ. ಇದು ಸದ್ದಿಲ್ಲದೆ ಬಂದು ಹಿಂದಿನ ಸಾಲಿನಲ್ಲಿ ಕೂತಿರುತ್ತೆ. ಅದರ ಮೇಲಿನ ಸಂದಿಗಳು ಆಳ, ಬ್ರಷ್ಷಿನ ಕೂದಲು ಒಳಗೆ ಹೋಗಲ್ಲ. ಹೊಸದಾಗಿ ಬಂದಾಗಲೇ ಆ ಸಂದಿಗೆ ಒಂದು ದ್ರವ ಬಿಟ್ಟು, ನೀಲಿ ಲೈಟು ಹಿಡಿದು ಗಟ್ಟಿ ಮಾಡಿ ಮುಚ್ಚಿಬಿಡುತ್ತಾರೆ. ಕೊರೆಯೋದಿಲ್ಲ, ಇಂಜೆಕ್ಷನ್ ಇಲ್ಲ. ಮೇ ತಿಂಗಳಲ್ಲಿ ಕರೆದಿದ್ದು ಅದಕ್ಕೆ! ತಂತಿ ನೋಡೋಕೆ, ಫ್ಲೋರೈಡ್ ಹಚ್ಚೋಕೆ ಮಾತ್ರ ಅಂತ ನಾನು ತಿಳಿದಿದ್ದೆ. ಈಗ ಮೂರಕ್ಕೆ ಹಾಗೆ ಮುಚ್ಚಿದರು. ಬಲಗಡೆಯ ಇದನ್ನು ಮಾತ್ರ ಕೊರೆದು ತುಂಬಬೇಕಾಯಿತು. ಈ ಹಲ್ಲಿಗೆ ಬದಲಿ ಇಲ್ಲ, ಅವನು ಮುದುಕ ಆಗೋವರೆಗೂ ಇದೇ.

ದಿನಾ ಎರಡು ಹೊತ್ತು ಹಾಲು ಟೆಸ್ಟ್ ಮಾಡೋಳು ನಾನು. ನೋಡೋಕೆ ಬೆಳ್ಳಗೆ ಚೆನ್ನಾಗಿದೆ ಅಂತ ಯಾರ ಹಾಲನ್ನಾದರೂ ಹಾಗೇ ಕ್ಯಾನಿಗೆ ಸುರಿಸಿಕೊಂಡಿದ್ದೇನಾ? ಅಧ್ಯಕ್ಷರ ಮನೆ ಹಾಲಾದರೂ ಟೆಸ್ಟ್ ಆಗಲೇಬೇಕು. ಆ ಚೇರಿನ ಪಕ್ಕ ನಿಂತಾಗ ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಪಾವಗಡದ ಪ್ರಶ್ನೆಯನ್ನೂ ಕೇಳಿಯೇ ಬಿಟ್ಟೆ. ಡಾಕ್ಟರು ನಗಲಿಲ್ಲ. ಒಳ್ಳೆ ಪ್ರಶ್ನೆ ಅಂದರು. ಕುಡಿಯೋ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ಫ್ಲೋರೈಡ್ ಇರಬಹುದು. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಮಕ್ಕಳು ದಿನಾ ಕುಡಿದರೆ, ದವಡೆಯೊಳಗೆ ಇನ್ನೂ ತಯಾರಾಗುತ್ತಿರುವ ಹಲ್ಲು ಕೆಡುತ್ತೆ. ಹೊರಗೆ ಬಂದಾಗಲೇ ಅದಕ್ಕೆ ಕಲೆ ಇರುತ್ತೆ. ಇಲ್ಲಿ ಹಚ್ಚೋದು ಹೊರಗೆ ಬಂದ ಹಲ್ಲಿನ ಮೇಲೆ, ಒಂದೆರಡು ತೊಟ್ಟು, ವರ್ಷಕ್ಕೆ ಎರಡು ಸಲ. ಅದು ಹಲ್ಲಿನ ಮೇಲ್ಪದರವನ್ನು ಗಟ್ಟಿ ಮಾಡುತ್ತೆ. "ಉಪ್ಪು ಸಾರಿಗೆ ಹಾಕೋದಕ್ಕೂ ಮುಷ್ಟಿಗಟ್ಟಲೆ ತಿನ್ನೋದಕ್ಕೂ ವ್ಯತ್ಯಾಸ ಇಲ್ವಾ?" ಅಂದರು. ಪೇಸ್ಟು ನುಂಗಬಾರದು, ಬಟಾಣಿ ಕಾಳಿನಷ್ಟೇ ಹಾಕಿ ಅಂತಲೂ ಹೇಳಿದರು. ಈ ಮಾತನ್ನು ಅಕ್ಷರ ಬಿಡದೆ ಓರಗಿತ್ತಿಗೆ ಒಪ್ಪಿಸಿದೆ. ಅವಳು ಪೂರ್ತಿ ಒಪ್ಪಲಿಲ್ಲ. ಆದರೆ ತನ್ನ ತಮ್ಮನ ಮಕ್ಕಳು ಈಗ ಯಾವ ನೀರು ಕುಡಿಯುತ್ತಿದ್ದಾರೆ ಅಂತ ತವರಿಗೆ ಫೋನ್ ಹಾಕಿ ವಿಚಾರಿಸಿದಳು.

ಮುಂದಿನ ತಾರೀಕು ಬರೆಯುವಾಗ ಡಾಕ್ಟರು ಪೆನ್ ಹಿಡಿದು, "ನಿಮಗೆ ಯಾವಾಗ ಆಗುತ್ತೆ ಹೇಳಿ" ಅಂದರು. ಅಲ್ಲಿಯವರೆಗೆ ಇದನ್ನು ಯಾರೂ ಕೇಳಿರಲಿಲ್ಲ. ಹಾಲಿನ ಟೈಮು ಹೇಳಿದೆ. ಸ್ಕೂಲು ಹೇಳಿದೆ. ಲೆಕ್ಕ ಹಾಕುತ್ತಾ ಹೋದಾಗ ಸಿಕ್ಕಿತು. ದಸರಾ ರಜ, ಬೇಸಿಗೆ ರಜ. ಎರಡರ ನಡುವೆ ಹೆಚ್ಚುಕಡಿಮೆ ಆರು ತಿಂಗಳು. ಅಕ್ಟೋಬರಿನಲ್ಲಿ ಒಂದು ಸಲ, ಏಪ್ರಿಲಿನಲ್ಲಿ ಒಂದು ಸಲ. ಬೆಳಿಗ್ಗೆ ಹಾಲು ಮುಗಿಸಿ ಎಂಟೂವರೆ ಬಸ್ಸು, ಎರಡು ಗಂಟೆಯೊಳಗೆ ಬಿಟ್ಟರೆ ಸಂಜೆ ಹಾಲಿಗೆ ವಾಪಸ್. ಸುಮನಹಳ್ಳಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳದಿದ್ದರೆ.

"ಇನ್ನೊಂದು ಬರೆದುಕೊಡಿ ಡಾಕ್ಟ್ರೇ, ಯಾಕೆ ಬರಬೇಕು ಅಂತ." ತಾರೀಕಿನ ಪಕ್ಕದಲ್ಲಿ ಅವರು ಕನ್ನಡದಲ್ಲಿ ಬರೆದರು: 'ಮುಚ್ಚಿದ ಹಲ್ಲು, ತಂತಿ ಪರೀಕ್ಷೆ. ಫ್ಲೋರೈಡ್ ಹಚ್ಚುವುದು.' ಫೋನ್ ನಂಬರೂ ಬದಲಾಯಿಸಿದೆ. ಅತ್ತೆಗೆ ಓದಲು ಬರುತ್ತೆ. ಚೀಟಿ ಡಬ್ಬಿಗೆ ಹೋಗಲಿಲ್ಲ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದೆ. 2025ರ ಏಪ್ರಿಲ್ ಹತ್ತಿರ ಬಂದಾಗ ಅತ್ತೆಯೇ, "ಏನಮ್ಮ, ಹಲ್ಲು ಮುಚ್ಚಿರೋದು ತೋರಿಸಬೇಕಂತಲ್ಲ" ಅಂದರು. ಆಸ್ಪತ್ರೆ ಫೋನಿಗಿಂತ ಎರಡು ದಿನ ಮೊದಲು.

ಆ ಸಲ ಕೆಲಸ ಹದಿನೈದೇ ನಿಮಿಷ. ಕಾದಿದ್ದು ಎರಡು ಗಂಟೆ. ಅದೊಂದು ಇನ್ನೂ ಸರಿಹೋಗಿಲ್ಲ. ಅದೇ ವರ್ಷ ದಸರಾ ರಜ ಜಾತಿ ಗಣತಿಯಿಂದ ಉದ್ದವಾಗಿ ಅಕ್ಟೋಬರ್ 18ರವರೆಗೂ ಹೋಯಿತು. ಮೇಷ್ಟ್ರುಗಳು ಮನೆಮನೆ ಸುತ್ತುತ್ತಿದ್ದರು, ನಾವು ಮೆಲ್ಲಗೆ ಒಂದು ಬುಧವಾರ ಹೋಗಿ ಬಂದೆವು. ತಂತಿ ಗಟ್ಟಿಯಾಗಿದೆ. ಮಗನಿಗೆ ಈಗ ಎಂಟು ವರ್ಷ. ಒಳಗಿಂದ ಹಲ್ಲು ಬರೋ ಹೊತ್ತಿಗೆ, ಇನ್ನೊಂದೆರಡು ವರ್ಷಕ್ಕೆ, ಟವಲ್ ತೆಗೆಯುತ್ತಾರಂತೆ.

ಅವತ್ತು ಐದಕ್ಕೆ ಹತ್ತು ನಿಮಿಷ ಇರುವಾಗ ಡೈರಿಗೆ ಬಂದೆ. ಸಾಲು ಆಗಲೇ ನಿಂತಿತ್ತು. ಹಾಲು ಹಾಕೋಕೆ ಬಂದ ಒಬ್ಬರು, ಐದು ವರ್ಷದ ಮಗಳ ಗಲ್ಲ ಹಿಡಿದು ಬಾಯಿ ತೆಗೆಸಿ, "ನೋಡಿ ಅಕ್ಕ, ಇದೇನೋ ಕಪ್ಪಗಿದೆ. ಹೋದ ವರ್ಷ ಸ್ಕೂಲಿನಲ್ಲಿ ಚೀಟಿ ಕೊಟ್ಟಿದ್ರು. ಈಗ ಹೋದ್ರೆ ಬೈತಾರೇನೋ" ಅಂದರು. ಬೈತಾರೆ, ನಾನೂ ಬರ್ತೀನಿ ನಡೀರಿ ಅಂದೆ. ಫ್ಯಾಟ್ ಬರೆಯೋ ಪುಸ್ತಕದ ಹಿಂದೆ ಸೋಮವಾರ ಅಂತ ಬರೆದು, ಫೋನ್ ನಂಬರ್ ಕೇಳಿದೆ. ಅವರು ತಮ್ಮ ಯಜಮಾನರ ನಂಬರ್ ಹೇಳೋಕೆ ಹೊರಟರು.

"ಅವರದು ಬೇಡ, ನಿಮ್ಮದು ಹೇಳಿ."